ಹುಳಿ ವಾಸನೆ ಹೋಗುವವರೆಗೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಕಟ್ಟಡದವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಇಷ್ಟು ವರ್ಷ ನನಗೆ ಅನ್ನ ಹಾಕಿದ್ದೂ ಅದೇ ಮೂಗು ಎಂಬುದನ್ನು ಅವರು ಮರೆಯುತ್ತಾರೆ. ಸೋಪಿನ ಕಾರ್ಖಾನೆಯಲ್ಲಿ ಒಂದೊಂದು ಪಾಕವನ್ನೂ ಮೂಸಿ, ಸರಿಯಿದ್ದರೆ ಪಾಸು ಮಾಡುವುದು, ಇಲ್ಲದಿದ್ದರೆ ಹಿಂದಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಮೂಗಿಗೂ ಕೆಲಸವಿಲ್ಲ, ನನಗೂ ಇಲ್ಲ. ಮದುವೆ, ಮಕ್ಕಳು ಎಂಬ ಗೊಡವೆಗೆ ಹೋದವಳಲ್ಲ. ಹಾಗಾಗಿ ನನ್ನ ಬಾಗಿಲು ತಟ್ಟುವವರು ಕಡಿಮೆ.

ಅಂಥ ಬಾಗಿಲನ್ನು ಒಂದು ಬೆಳಿಗ್ಗೆ ಎದುರುಮನೆಯ ಮೇಸ್ತ್ರಿ ತಟ್ಟಿದರು. ಬಚ್ಚಲುಮನೆಗಳಿಗೆ ಟೈಲ್ಸ್ ಹಾಕಿ, ಗಾಜು ಕೂರಿಸಿ, ನೀರು ಸೋರದಂತೆ ಸಂದುಗಳಿಗೆ ಸಿಲಿಕಾನ್ ಅಂಟು ತುಂಬುವುದು ಅವರ ಕಸುಬು. ಆಳು ಎತ್ತರ, ಮಾತು ಗಿಡ್ಡ. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆಕೆ ಮೆಟ್ಟಿಲಲ್ಲಿ ಹಾದುಹೋದರೆ ಹಿಂದೆ ಒಂದು ತೆಳು ಹುಳಿ ವಾಸನೆ ಉಳಿಯುತ್ತಿತ್ತು, ಈಕೆ ಬಟ್ಟೆಯನ್ನು ಯಾವುದರಲ್ಲಿ ಒಗೆಯುತ್ತಾಳಪ್ಪಾ ಎಂದು ನಾನು ಮೂಗು ಮುರಿಯುತ್ತಿದ್ದೆ. ಅದು ಬಿಟ್ಟರೆ ಆ ಮನೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

“ಅಕ್ಕಾ, ತಪ್ಪು ತಿಳ್ಕೋಬೇಡಿ. ನಮ್ಮನೆಗೆ ಬಂದು ಒಂದ್ಸಲ ಮೂಸಿ ನೋಡ್ತೀರಾ?” ಎಂದರು ಮೇಸ್ತ್ರಿ.

ಇಂಥ ಕರೆಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಬಯ್ಯಬೇಕೆಂದೇ ಬಾಯಿ ತೆರೆದೆ. ಆದರೆ ಆ ಮನುಷ್ಯ ಬೀಳುವವರ ಹಾಗೆ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಸುಮ್ಮನೆ ಚಪ್ಪಲಿ ಮೆಟ್ಟಿ ಹಿಂದೆ ಹೋದೆ.

ನಡುಮನೆಯ ಮೇಜಿನ ಮೇಲೆ ಒಂದು ಖಾಲಿ ಗಾಜಿನ ತೊಟ್ಟಿ. ಪಕ್ಕದಲ್ಲಿ ನೀಲಿ ಬಕೆಟ್ಟು, ಅದರೊಳಗೆ ಗುಳುಗುಳು ಗಾಳಿ ಬಿಡುವ ಸಣ್ಣ ಕೊಳವೆ, ಮತ್ತು ಅಂಗೈಯಗಲದ ಒಂದು ಗೋಲ್ಡ್‌ಫಿಶ್. ತೊಟ್ಟಿಯ ತಳದ ಸಂದು ಸೋರುತ್ತಿತ್ತಂತೆ. ಹಳೆಯ ಸಿಲಿಕಾನ್ ಮೇಲೆ ಹೊಸದು ಹಿಡಿಯುವುದಿಲ್ಲ. ಹಾಗಾಗಿ ಹಳೆಯದನ್ನೆಲ್ಲ ಬ್ಲೇಡಿನಲ್ಲಿ ಕೆರೆದು, ಗಾಜನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದಾಗಿ ತುಂಬಿದ್ದಾರೆ. ಅದು ಗಟ್ಟಿಯಾಗುತ್ತಾ ವಿನೆಗರಿನಂಥ ಹುಳಿ ವಾಸನೆ ಬಿಡುತ್ತದೆ. ಆ ವಾಸನೆ ಪೂರ್ತಿ ಹೋಗದೆ ಮೀನು ಬಿಟ್ಟರೆ ಅದರ ಕಿವಿರು ಸುಟ್ಟುಹೋಗುತ್ತದೆ. ಆದರೆ ವಾಸನೆ ಹೋಯಿತೋ ಇದೆಯೋ ಮೇಸ್ತ್ರಿಗೆ ತಿಳಿಯದು. ಹರೆಯದಲ್ಲಿ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಗಾಯ ಮಾಯಿತು, ವಾಸನೆ ಹಿಡಿಯುವ ಶಕ್ತಿ ಮಾತ್ರ ಮರಳಲಿಲ್ಲ. ಮದುವೆಯಾದ ಮೇಲೆ ಹಾಲು ಕೆಟ್ಟಿದೆಯೇ, ಗ್ಯಾಸು ಸೋರುತ್ತಿದೆಯೇ, ಎಲ್ಲದಕ್ಕೂ ಹೆಂಡತಿಯೇ ಮೂಗು. ಆಕೆ ಹೋದ ಮೇಲೆ ಕೆಟ್ಟ ಹಾಲನ್ನೇ ಕಾಫಿಗೆ ಹಾಕಿ, ಅದು ಒಡೆದ ಮೇಲೆ ಗೊತ್ತಾದದ್ದೂ ಉಂಟಂತೆ.

“ಅವಳಿದ್ದಾಗ ಅವಳೇ ಹೇಳೋಳು. ಈಗ ಕೇಳೋಕೆ ಯಾರೂ ಇಲ್ಲ. ನೀವು ಸೋಪಿನ ಕಾರ್ಖಾನೇಲಿದ್ರಿ ಅಂತ ಕೇಳಿದ್ದೆ.”

ತೊಟ್ಟಿಯೊಳಗೆ ತಲೆ ಹಾಕಿದೆ. ಹುಳಿ ನೆತ್ತಿಗೇರಿತು. ಇನ್ನೂ ಆಗಿಲ್ಲ ಎಂದೆ. ಮೇಸ್ತ್ರಿ ತಲೆಯಾಡಿಸಿ ಬಕೆಟ್ಟಿನತ್ತ ನೋಡಿದರು. ಅಷ್ಟು ದೊಡ್ಡ ಮೀನಿಗೆ ಅಷ್ಟು ಸಣ್ಣ ಬಕೆಟ್ಟು. ಪ್ರತಿ ಸುತ್ತಿಗೂ ಅದರ ಬಾಲ ಗೋಡೆಗೆ ತಾಗುತ್ತಿತ್ತು. ದಿನವೂ ಅರ್ಧ ನೀರು ಬದಲಾಯಿಸಿದರೂ ಅದರಲ್ಲಿ ಹೆಚ್ಚು ಕಾಲ ತಡೆಯದು ಎಂದರು. ಬೇಗ ಬಿಟ್ಟರೆ ತೊಟ್ಟಿ ಕೊಲ್ಲುತ್ತದೆ, ತಡವಾದರೆ ಬಕೆಟ್ಟು ಕೊಲ್ಲುತ್ತದೆ.

ಆ ಮೀನಿಗೆ ಹೆಂಡತಿ ಇಟ್ಟ ಹೆಸರು ‘ಅತ್ತೆ’. ಇಡೀ ದಿನ ತಾನು ಮನೆಯಲ್ಲಿ ಮಾಡುವ ಕೆಲಸವನ್ನೇ ದುರುಗುಟ್ಟಿ ನೋಡುತ್ತಾ ಬಾಯಾಡಿಸುತ್ತದೆ, ಒಂದು ಒಳ್ಳೆಯ ಮಾತು ಹೊರಗೆ ಬರುವುದಿಲ್ಲ ಎನ್ನುತ್ತಿದ್ದಳಂತೆ. ಅದನ್ನು ಹೇಳುವಾಗ ಮೇಸ್ತ್ರಿಯ ಮುಖದಲ್ಲಿ ಅರ್ಧ ನಗು ಬಂತು, ಉಳಿದರ್ಧ ಬರಲಿಲ್ಲ.

“ಅವಳದು ಅಂತ ಉಳಿದಿರೋದು ಇದೊಂದು, ಆ ಶಾಲೊಂದು” ಎಂದು ಕಪಾಟಿನ ಮೇಲೆ ತೋರಿಸಿದರು.

ಅಲ್ಲಿ ಇನ್ನೊಂದು ಗಾಜಿನ ಪೆಟ್ಟಿಗೆಯಿತ್ತು. ನೀರಿಲ್ಲ, ಮುಚ್ಚಳವಿಲ್ಲ, ಆರೂ ಕಡೆ ಅಂಟಿಸಿ ಬಿಗಿ ಮಾಡಿದ್ದು. ಒಳಗೆ ಮಡಿಸಿಟ್ಟ ಬೂದು ಬಣ್ಣದ ಉಣ್ಣೆಯ ಶಾಲು. ಉಟ್ಟ ಬಟ್ಟೆಯಲ್ಲಿ ಮನುಷ್ಯರ ವಾಸನೆ ಉಳಿದಿರುತ್ತದೆ ಎಂದು ಯಾರೋ ಹೇಳಿದ್ದರಂತೆ. ಅದು ಹಾರಿಹೋಗದಿರಲಿ ಎಂದು ಹೆಂಡತಿಯ ಅಂತ್ಯಕ್ರಿಯೆ ಮುಗಿಸಿ ಬಂದ ದಿನವೇ ಕೂತು ಪೆಟ್ಟಿಗೆ ಕಟ್ಟಿದ್ದರು. ಗಾಜು ಕಚ್ಚಿದ ಕಡೆ ಒಂದು ಗುಳ್ಳೆಯಿಲ್ಲ, ಅಂಥ ಅಚ್ಚುಕಟ್ಟು.

ಮರುದಿನ ಹೋದೆ. ವಾಸನೆಯಿತ್ತು. ಅದರ ಮರುದಿನವೂ ಇತ್ತು. ಮೂಸುವುದು ಒಂದು ಗಳಿಗೆಯ ಕೆಲಸ, ಆಮೇಲಿನ ಕಾಫಿ ಮಾತ್ರ ಉದ್ದವಾಗುತ್ತಾ ಹೋಯಿತು. ನಾನು ಮನೆಗೆ ಮರಳಿ ಬೀಗ ತೆಗೆದಾಗ ನನ್ನ ಮನೆ ಮೊದಲಿಗಿಂತ ದೊಡ್ಡದಾದಂತೆ ಅನಿಸುತ್ತಿತ್ತು. ಅದು ನನಗೆ ಹಿಡಿಸಲಿಲ್ಲ.

ಒಂದು ದಿನ ಮೇಸ್ತ್ರಿ ತಮ್ಮ ಮೊದಲ ತೊಟ್ಟಿಯ ಕಥೆ ಹೇಳಿದರು. ಮದುವೆಯಾದ ಹೊಸತು. ಹೆಂಡತಿ ಮೀನು ಬೇಕೆಂದಳು, ಇವರು ತೊಟ್ಟಿಯನ್ನು ತಾವೇ ಕಟ್ಟಿದರು. ಹೊಸ ಹೆಂಡತಿಗೆ ಕಡಿಮೆಯದು ಯಾಕೆ ಎಂದು ತಮ್ಮ ಕಸುಬಿನಲ್ಲೇ ಅತ್ಯುತ್ತಮ ಎನಿಸಿದ, ಬೂಷ್ಟು ಹಿಡಿಯದ ಬಚ್ಚಲು ಸಿಲಿಕಾನ್ ಹಾಕಿದರು. ಎರಡನೆಯ ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬೂಷ್ಟನ್ನು ಕೊಲ್ಲುವ ಮದ್ದು ಅದರಲ್ಲಿ ಬೆರೆತಿರುತ್ತದೆ. ಬೂಷ್ಟನ್ನು ಸಾಯಿಸುವುದು ಮೀನನ್ನು ಮುದ್ದಾಡುತ್ತದೆಯೇ ಎಂದು ಕೇಳಿದ ಹೆಂಡತಿ ಆಮೇಲೆ ಎಷ್ಟೋ ದಿನ ಮಾತು ಬಿಟ್ಟಿದ್ದಳು. ಅಂದಿನಿಂದ ಮೀನಿಗೆಂದರೆ ಏನೂ ಬೆರೆಸದ ಬರಿಯ ಸಿಲಿಕಾನೇ. ಈ ಸಲವೂ ಅಂಗಡಿಯವನು ಬಾಳಿಕೆ ಬರುತ್ತದೆಂದು ಬಚ್ಚಲಿನ ಟ್ಯೂಬನ್ನೇ ಕೈಗಿಟ್ಟಿದ್ದನಂತೆ. ಇವರು ಅದನ್ನು ಹಿಂದಕ್ಕೆ ಕೊಟ್ಟು ಬಂದಿದ್ದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಶಾಲಿನ ಪೆಟ್ಟಿಗೆಗೆ ಯಾವುದು ಹಾಕಿದಿರಿ ಎಂದು ಕೇಳಿದೆ. ಬಚ್ಚಲಿನದೇ, ಶಾಲಿಗೆ ಬೂಷ್ಟು ಹಿಡಿಯಬಾರದಲ್ಲ ಎಂದರು. ಅದಕ್ಕೂ ಇದೇ ಹುಳಿ ವಾಸನೆಯೋ ಎಂದೆ. ಹೌದು, ಇದೇ.

“ಅದು ಹೋಗೋವರೆಗೆ ಎಷ್ಟು ದಿನ ಕಾದ್ರಿ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಸ್ತ್ರಿ ಕಾಫಿ ಲೋಟವನ್ನು ಕೆಳಗಿಟ್ಟರು. ಒಂದು ದಿನವೂ ಕಾದಿರಲಿಲ್ಲ. ತಡ ಮಾಡಿದರೆ ಹೆಂಡತಿಯ ವಾಸನೆ ಹಾರಿಹೋಗುತ್ತದೆಂಬ ಭಯದಲ್ಲಿ, ಹಸಿ ಸಿಲಿಕಾನಿನ ನಡುವೆ ಶಾಲಿಟ್ಟು ಆಗಲೇ ಮುಚ್ಚಿಬಿಟ್ಟಿದ್ದರು. ಮೀನಿಗೆ ಕಾಯಬೇಕೆಂದು ಗೊತ್ತಿದ್ದ ಕೈ, ಅವತ್ತು ಕಾಯಲಿಲ್ಲ. ಹುಳಿಯೆಲ್ಲ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಕೂತಿತ್ತು. ಮೇಸ್ತ್ರಿ ಪೆಟ್ಟಿಗೆಯನ್ನೇ ನೋಡುತ್ತಾ ಕೂತರು. ನಾನು ಲೋಟಗಳನ್ನು ಎತ್ತಿ, ತೊಳೆದಿಟ್ಟು ಬಂದೆ.

ಕೊನೆಗೊಂದು ಬೆಳಿಗ್ಗೆ ತೊಟ್ಟಿಯಲ್ಲಿ ವಾಸನೆಯಿರಲಿಲ್ಲ. ಮೂಲೆಗಳನ್ನು ಉಗುರಿನಿಂದ ತೀಡಿ ಉಗುರನ್ನೂ ಮೂಸಿದೆ. ಪಾಸು ಎಂದೆ. ಮೇಸ್ತ್ರಿ ನೀರು ತುಂಬಿ, ಒಂದು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿದರು. ಮೀನು ಬಿಡುವಾಗ ನನ್ನನ್ನೂ ಕರೆದರು. ಬಕೆಟ್ಟಿನಲ್ಲಿ ಎರಡು ದಿನದಿಂದ ಮಂಕಾಗಿದ್ದ ಅತ್ತೆ ತೊಟ್ಟಿಯಲ್ಲಿ ಒಂದು ಸುತ್ತು ಹಾಕಿ, ನೇರ ಮುಂದಿನ ಗಾಜಿಗೆ ಬಂದು ನಮ್ಮಿಬ್ಬರನ್ನೂ ನೋಡಿ ಬಾಯಾಡಿಸಿತು. ತಡ ಮಾಡಿದ್ದಕ್ಕೆ ಬಯ್ಯುತ್ತಿದ್ದಾರೆ ಎಂದರು ಮೇಸ್ತ್ರಿ. ಇಬ್ಬರೂ ನಕ್ಕೆವು.

ಆಮೇಲೆ ಅವರು ಕಪಾಟಿನಿಂದ ಶಾಲಿನ ಪೆಟ್ಟಿಗೆ ಇಳಿಸಿದರು. ಬ್ಲೇಡು ತೆಗೆದು ಒಂದು ಬದಿಯ ಸಿಲಿಕಾನನ್ನು ಉದ್ದಕ್ಕೂ ಕೊಯ್ದರು. ಶಾಲನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು.

“ಅವಳ ವಾಸನೆ ಹೇಗಿತ್ತು ಅಂತ ನಂಗೆ ಗೊತ್ತೇ ಇಲ್ಲ ಅಕ್ಕಾ. ಒಂದಿನಾನೂ ಗೊತ್ತಾಗ್ಲಿಲ್ಲ. ಯಾರಾದ್ರೂ ಹೇಳಬಹುದು ಅಂತ ಇಟ್ಕೊಂಡಿದ್ದೆ. ಇದೆಯಾ?”

ಮುಖಕ್ಕೆ ಹಿಡಿದೆ. ಹುಳಿ. ಅಡಿಯಿಂದ ಮುಡಿಯವರೆಗೆ ಹುಳಿ, ಉಣ್ಣೆಯ ವಾಸನೆ ಕೂಡ ಇಲ್ಲ. ಕಾರ್ಖಾನೆಯಲ್ಲಿ ಯಾರು ಎಷ್ಟೇ ಬೇಡಿಕೊಂಡರೂ ನಾನು ಸುಳ್ಳು ಪಾಸು ಕೊಟ್ಟವಳಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ. ಆಗ ಮೆಟ್ಟಿಲು ನೆನಪಾಯಿತು. ಈ ಶಾಲು ಹೊದ್ದು, ಚೀಲ ಹಿಡಿದು, ಗೋಡೆಯ ಬದಿಗೆ ಸರಿದು ನನಗೆ ದಾರಿ ಬಿಡುತ್ತಿದ್ದ ಹೆಂಗಸು. ಅವಳ ಹಿಂದೆ ಉಳಿಯುತ್ತಿದ್ದ ಆ ತೆಳು ವಾಸನೆ.

“ಇದೆ” ಎಂದೆ. “ನಿಮ್ಮನೆಯವರು ಮೆಟ್ಟಿಲಲ್ಲಿ ಹೋದ್ರೆ ಇದೇ ವಾಸನೆ ಬರೋದು. ಹುಳಿ.”

“ಹುಳೀನಾ? ಅದು ನನ್ ಕೆಲಸದ ವಾಸನೆ ಅಲ್ವಾ ಅಕ್ಕಾ?”

“ಇರಬಹುದು. ಅವರ ಮೈಮೇಲೆ ಇದ್ದಿದ್ದು ಅದೇ.”

ಮೇಸ್ತ್ರಿ ಶಾಲನ್ನು ತೆಗೆದುಕೊಂಡು ತಮ್ಮ ಮುಖಕ್ಕೆ ಒತ್ತಿಕೊಂಡರು. ಏನೂ ತಿಳಿಯದ ಆ ಮೂಗಿನಿಂದ ಉದ್ದಕ್ಕೆ ಉಸಿರೆಳೆದರು. ಮತ್ತೆ ಎಳೆದರು. ನಾನು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಬಾಗಿಲ ಕಡೆಗೇ ಕಿವಿಯಿಟ್ಟು ಕೂತಿದ್ದೆ. ಯಾರೂ ತಟ್ಟಲಿಲ್ಲ. ಯಾಕೆ ತಟ್ಟುತ್ತಾರೆ, ಮೂಸಲು ಇನ್ನೇನು ಉಳಿದಿತ್ತು? ಅದರ ಮರುದಿನವೂ ಯಾರೂ ಬರಲಿಲ್ಲ. ಒಬ್ಬಳೇ ಇರುವುದು ನನಗೆ ಅಭ್ಯಾಸ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು, ಆ ಎರಡು ದಿನ ಕಳೆಯಲಾರದೆ ಸೋತೆ.

ಮೂರನೆಯ ಬೆಳಿಗ್ಗೆ ನಾನೇ ಹೋಗಿ ಅವರ ಬಾಗಿಲು ತಟ್ಟಿದೆ. ಮೇಸ್ತ್ರಿ ತೆರೆದರು. ಶಾಲು ಹೆಗಲ ಮೇಲಿತ್ತು. ಏನು ಹೇಳಬೇಕೆಂದು ಯೋಚಿಸಿಕೊಂಡು ಹೋಗಿರಲಿಲ್ಲ.

“ಹಾಲು ಕೆಟ್ಟಿದೆಯೇನೋ, ನೋಡೋಣ ಅಂತ ಬಂದೆ” ಎಂದೆ.

ಅವರು ಒಳಗೆ ಹೋಗಿ ಹಾಲಿನ ಪಾತ್ರೆ ತಂದು ನನ್ನ ಮುಂದೆ ಹಿಡಿದರು. ಮೂಸಿದೆ. ಹಾಲು ಚೆನ್ನಾಗಿತ್ತು. ಆದರೂ ಇನ್ನೊಮ್ಮೆ ಮೂಸಿದೆ.