ಬಲಗಡೆಯ ಬಲ್ಬು

ಆ ಸಂಜೆ ಕಾರಿನ ಯಾವ ದೀಪ ಹೋಯಿತು ಎಂದು ಯಾರಾದರೂ ಕೇಳಿದರೆ, ಈಗಲೂ ನಾನು ಮೊದಲು ನನ್ನ ಬಲಗೈಯನ್ನು ನೋಡಿಕೊಂಡು ಆಮೇಲೆ ಬಲಗಡೆಯದು ಎನ್ನುತ್ತೇನೆ. ತಪ್ಪು ಹೇಳಬಾರದು. ಎಡಗಡೆಯದು ಹೋಗಿದ್ದರೆ ನಾವು ಅಷ್ಟು ಹೆದರಬೇಕಾಗಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಮಾಸ್ತಿಕಟ್ಟೆಯಲ್ಲಿ ಹುಡುಗರಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ; ಮನೆ ಮಾಡಿದ್ದು ಹೊಸನಗರದಲ್ಲಿ. ಪಕ್ಕದ ಮನೆಯವನು ತೀರ್ಥಹಳ್ಳಿಯಲ್ಲಿ ಯಾರದೋ ಟ್ಯಾಕ್ಸಿ ಓಡಿಸುತ್ತಿದ್ದು, ಆಗಷ್ಟೇ ಸ್ವಂತಕ್ಕೆ ಒಂದು ಹಳೆಯ ಅಂಬಾಸಿಡರ್ ಕೊಂಡಿದ್ದ. ಬಾಡಿಗೆ ಸಿಕ್ಕಿದ ದಿನ ದುಡ್ಡುಂಟು, ಸಿಗದ ದಿನ ಇಲ್ಲ. ಅಣೆಕಟ್ಟಿನ ಕೆಲಸದ ಮೇಲಿದ್ದ ಒಬ್ಬ ಇಂಜಿನಿಯರರು ತಿಂಗಳ ಲೆಕ್ಕದಲ್ಲಿ ಕಾರು ಗೊತ್ತುಮಾಡುತ್ತಾರೆಂದು ಕೇಳಿ ನನ್ನಿಂದ ಅರ್ಜಿ ಬರೆಸಿದ. ‘ವಾಹನದ ದೀಪಗಳು ಅತ್ಯುತ್ತಮ’ ಎಂದು ನಾನೇ ಸೇರಿಸಿದೆ. ನೋಡದೆ ಬರೆದ ವಾಕ್ಯ ಅದೊಂದೇ.

ಇಂಜಿನಿಯರರು ಮೈಸೂರು ಕಡೆಯವರು. ಅರ್ಜಿ ಓದಿ, "ಒಂದು ವಾರ ಸಂಜೆ ಹೊತ್ತು ನನ್ನನ್ನ ಹೊಸನಗರಕ್ಕೆ ಬಿಡಯ್ಯ, ನೋಡೋಣ. ದೀಪ ಮಾತ್ರ ಸರಿಯಾಗಿರ್ಬೇಕು. ಹಿಂದಿನೋನು ಮಂಜಲ್ಲಿ ನನ್ನನ್ನ ಒಂದು ಎಮ್ಮೆವರೆಗೂ ಕರ್ಕೊಂಡು ಹೋಗಿದ್ದ," ಎಂದರು.

ಡ್ರೈವರ್ ಸಾಗರಕ್ಕೆ ಹೋಗಿ ಒಂದು ಜೊತೆ ಹ್ಯಾಲೋಜನ್ ಬಲ್ಬು ತಂದ. ನಮ್ಮ ಕಡೆ ಅದು ಆಗ ಹೊಸದು. ಹಳೆಯ ಬಲ್ಬು ನೆಲ್ಲಿಕಾಯಿಗಿಂತ ದಪ್ಪ. ಇದರ ಗಾಜು ಕಿರುಬೆರಳಿನಷ್ಟು. ಗಾಜು ಮುಟ್ಟಬೇಡಿ ಎಂದು ಅಂಗಡಿಯವನು ಹೇಳಿದನಂತೆ.

"ಮುಟ್ಟದೆ ಹಾಕಕ್ಕೆ ಅದೇನು ಮಡಿ ಬಟ್ಟೆಯಾ?" ಎಂದು ಇವನು ನನ್ನ ಕಣ್ಣೆದುರೇ ಎರಡನ್ನೂ ಹಳೇ ಕ್ರಮದಲ್ಲಿ ಪರೀಕ್ಷೆ ಮಾಡಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ತಂತಿ ಗಿಲಿಗಿಲಿ ಎನ್ನದಿದ್ದರೆ ಬಲ್ಬು ಒಳ್ಳೆಯದು. ಆಮೇಲೆ ಹೆಬ್ಬೆರಳಿನಿಂದ ಗಾಜು ಒರೆಸಿದ. ಅವನ ಬಾಯಲ್ಲಿ ಎಲೆಯಡಿಕೆ ಇಲ್ಲದ ಹೊತ್ತು ಕಡಿಮೆ, ಆದ್ದರಿಂದ ಬೆರಳಿನಲ್ಲಿ ಸುಣ್ಣ ಇಲ್ಲದ ಹೊತ್ತೂ ಕಡಿಮೆ.

ಮೊದಲ ಸಂಜೆಯೇ ದಾರಿಯಲ್ಲಿ ಸಿಗುವ ನಗರ ಎಂಬ ಊರಿನ ಹತ್ತಿರ ಎಡಗಡೆಯದು ಟಪ್ ಎಂದಿತು. ನಾನೂ ಕಾರಿನಲ್ಲಿದ್ದೆ; ಶಾಲೆಯಿಂದ ಮನೆಗೆ ಅದರಲ್ಲೇ ಬರುತ್ತಿದ್ದೆ. ಇಂಜಿನಿಯರರು ಇಳಿಯುವಾಗ, "ಇನ್ನೊಂದ್ಸಲ ಹೀಗಾದ್ರೆ ಬೇರೆ ಗಾಡಿ ನೋಡ್ಕೋತೀನಿ," ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಒಡೆದ ಬಲ್ಬನ್ನು ಬಿಚ್ಚಿ ನೋಡಿದೆವು. ಉಳಿದ ಗಾಜಿನ ಚೂರಿನ ಮೇಲೆ ಹೆಬ್ಬೆರಳಿನಗಲ ಬೆಳ್ಳಗೆ ಮೊಸರಿನಂಥ ಕಲೆ. ಸರಿಯಾಗಿದ್ದ ಬಲಗಡೆಯ ಬಲ್ಬಿನ ಮೇಲೂ ಅದೇ ಕಲೆ. ಹೊಸ ಜೊತೆ ತರುವಂತೆ ಹೇಳಿದೆ. ಅವನು ಸಾಗರದಿಂದ ಬರುವಷ್ಟರಲ್ಲಿ ನಾನು ಪಾಠ ಸಿದ್ಧಮಾಡಿಕೊಂಡಿದ್ದೆ.

"ಕಾದ ತಂತಿಯಿಂದ ಲೋಹ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗತ್ತೆ. ಹಳೇ ಬಲ್ಬಲ್ಲಿ ಅದು ಗಾಜಿಗೆ ಅಂಟಿ ಕಪ್ಪಾಗತ್ತೆ. ಇದರೊಳಗೆ ಒಂದು ಬೇರೆ ಅನಿಲ ಇದೆ. ಅದು ಆ ಲೋಹವನ್ನ ಹಿಡಿದು ವಾಪಸ್ಸು ತಂತಿಗೇ ಬಿಡತ್ತೆ."

"ಮನೆ ಬಿಟ್ಟು ಓಡಿದವನನ್ನ ಹಿಡ್ಕಂಡು ಬರೋದು."

"ಹೌದು."

"ಪೊಲೀಸ್ ಕೆಲ್ಸ. ಮುಂದೆ?"

"ಆ ಕೆಲಸ ನಡೀಬೇಕಾದ್ರೆ ಗಾಜು ವಿಪರೀತ ಕಾಯ್ತಾ ಇರ್ಬೇಕು. ಅದಕ್ಕೇ ಗಾಜು ತಂತಿಗೆ ಅಷ್ಟು ಹತ್ತಿರ. ಅದಕ್ಕೇ ಅದು ಮಾಮೂಲಿ ಗಾಜಲ್ಲ, ಕ್ವಾರ್ಟ್ಸ್. ಅಷ್ಟು ಕಾವಲ್ಲಿ ಬೆವರು, ಎಣ್ಣೆ, ಸುಣ್ಣ ಏನು ತಾಗಿದ್ರೂ ಆ ಜಾಗ ಕೆಟ್ಟು ಬಿರುಕು ಬಿಡತ್ತೆ."

ಅವನು ಗಂಭೀರನಾದ. ಸೋಪು ಹಾಕಿ ಕೈ ತೊಳೆದು, ಒಗೆದ ಬಟ್ಟೆಯಲ್ಲಿ ತಗಡಿನ ಬುಡ ಮಾತ್ರ ಹಿಡಿದು ಎಡಗಡೆಯದನ್ನು ಹಾಕಿದ. ನಾನು ನೋಡಿದ್ದೇನೆ. ಬಲಗಡೆಯದನ್ನು ನಾನು ಕೈಗೆ ತೆಗೆದುಕೊಂಡಿದ್ದೆ. ಪಾಠ ಮಾಡುವಾಗ ತಲೆ ನೇವರಿಸಿಕೊಳ್ಳುವುದು ನನ್ನ ಅಭ್ಯಾಸ. ತಲೆಗೆ ದಿನಾ ಕೊಬ್ಬರಿ ಎಣ್ಣೆ ಹಚ್ಚುವುದೂ ಅಭ್ಯಾಸ. ಸುಣ್ಣದ ಕಥೆಯನ್ನು ಇಂಜಿನಿಯರರಿಗೂ ಹೇಳಿದೆವು. ಮುಂದಿನ ಎರಡು ಸಂಜೆ ದೀಪಗಳು ಚೆನ್ನಾಗಿ ಉರಿದವು.

ಮೂರನೆಯ ಸಂಜೆ ಇಂಜಿನಿಯರರಿಗಾಗಿ ಅಣೆಕಟ್ಟಿನ ಅಂಗಳದಲ್ಲಿ ಕಾಯುತ್ತಿದ್ದೆವು. ಅಲ್ಲಿ ಕಂಬದ ಮೇಲೆ ಪಾದರಸದ ದೊಡ್ಡ ದೀಪಗಳಿದ್ದವು. ಸ್ವಿಚ್ ಹಾಕಿದರೆ ಮೊದಲು ನೇರಳೆ ಬಣ್ಣಕ್ಕೆ ಮಿಣುಕಿ, ನಾಲ್ಕೈದು ನಿಮಿಷದ ಮೇಲೆ ಬೆಳ್ಳಗಾಗುತ್ತಿದ್ದವು. ಕರೆಂಟು ಒಂದು ಕ್ಷಣ ಹೋಗಿ ಬಂದರೂ, ತಣ್ಣಗಾಗುವವರೆಗೆ ಮತ್ತೆ ಹತ್ತುತ್ತಿರಲಿಲ್ಲ. "ನಮ್ಮ ಮಾವ ಹಿಂಗೇ," ಎಂದ ಡ್ರೈವರ್. "ಏಳಕ್ಕೂ ಹೊತ್ತು ಬೇಕು. ಸಿಟ್ಟು ಬಂದ್ರೆ ಇಳಿಯೋ ತನಕ ಮಾತಿಲ್ಲ." ಅದರಲ್ಲಿ ಉರಿಯುವ ತಂತಿಯೇ ಇಲ್ಲ, ಎರಡು ತುದಿಗಳ ನಡುವೆ ಆವಿಯೊಳಗೆ ಮಿಂಚು ನಿಂತಿರುತ್ತದೆ ಎಂದೆ, ಅವನು ನಂಬಲಿಲ್ಲ. ಇತ್ತೀಚೆಗೆ ಕಾರಿಗೂ ಆ ಬಗೆಯ ದೀಪ ಬಂದಿದೆ. ಕಡಲೆಯಷ್ಟು ಗಾಜಿನೊಳಗೆ ಜೆನಾನ್ ಅನಿಲ, ಲೋಹದ ಉಪ್ಪು. ಮೊದಲ ಕಿಡಿ ಹಾರಿಸಲು ಸಾವಿರಾರು ವೋಲ್ಟು ಕೊಡುವ ಒಂದು ಪೆಟ್ಟಿಗೆ. ಜೆನಾನ್ ಇರುವುದರಿಂದ ಐದು ನಿಮಿಷ ಕಾಯಬೇಕಿಲ್ಲ. ಅಕ್ಕನ ಮಗ ಒಂದನ್ನು ತೋರಿಸಲು ತಂದಾಗ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನೋಡಿದೆ.

ಅಂದು ಹೊರಟಾಗ ಏಳು ಗಂಟೆಯಾಗಿರಬಹುದು. ಮಂಜಿತ್ತು. ಇಂಜಿನಿಯರರು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು, ನಾನು ಮುಂದೆ. ಒಂದು ತಿರುವು ಕಳೆದ ಕೂಡಲೇ ಬಲಗಡೆ ಟಪ್ ಎಂದಿತು. ಅದೇ ಹೊತ್ತಿಗೆ ಎದುರಿನಿಂದ ಒಂದು ಬಸ್ಸು. ಬಸ್ಸಿನವನಿಗೆ ಕಂಡದ್ದು ರಸ್ತೆಯ ಅಂಚಿನಲ್ಲಿ ಒಂದೇ ಒಂದು ದೀಪ. ಅವನು ಬೈಕ್ ಎಂದುಕೊಂಡು ನಡುರಸ್ತೆಗೇ ಬಂದ. ಬೈಕ್ ಆಗಿದ್ದರೆ ಅದರ ಬಲಕ್ಕೆ ಇರಬೇಕಾದದ್ದು ಬರೀ ಗಾಳಿ. ಅಲ್ಲಿ ನಮ್ಮ ಡ್ರೈವರ್ ಕೂತಿದ್ದ.

ಅವನು ಕಾರನ್ನು ಎಡಕ್ಕೆ ಎಳೆದು ಚರಂಡಿಗೆ ಇಳಿಸಿದ. ಬಸ್ಸೂ ನಿಂತಿತು. ನಾನು ಇಳಿದು ಎರಡು ಗಾಡಿಗಳ ನಡುವಿನ ಜಾಗವನ್ನು ನನ್ನ ಕೊಡೆಯಿಂದ ಅಳೆದೆ. ಅರ್ಧ ಕೊಡೆ, ಮೇಲೊಂದು ಗೇಣು. ಯಾಕೆ ಅಳೆದೆ ಎಂದರೆ, ಆ ಹೊತ್ತಿಗೆ ಬೇರೆ ಕೆಲಸ ಹೊಳೆಯಲಿಲ್ಲ.

ಬಸ್ಸಿನ ಡ್ರೈವರ್ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ. "ಬೈಕ್ ಅಂತ ಮಾಡಿದ್ನಲ್ಲ ಮಾರಾಯ! ಬೈಕಿನ ಪಕ್ಕ ಇಷ್ಟು ದೊಡ್ಡ ಕಾರು ಅಂಟ್ಕಂಡಿರತ್ತೆ ಅಂತ ನಂಗೆಂತ ಗೊತ್ತು?"

ಇಂಜಿನಿಯರರು ಇಳಿದರು. "ಏನಯ್ಯ, ಮತ್ತೆ ಸುಣ್ಣದ ಕೈಯಾ? ಹೇಳಿದ್ದೆ ತಾನೆ, ಬೇರೆ ಗಾಡಿ ನೋಡ್ಕೋತೀನಿ ಅಂತ?"

"ಮೂರು ದಿನದಿಂದ ಸುಣ್ಣ ಮುಟ್ಟಿಲ್ಲ ಸಾರ್. ಬರೀ ಎಲೆ ಅಡಿಕೆ. ಬಾಯಿ ಕೆಂಪೇ ಆಗಿಲ್ಲ, ನೋಡಿ ಬೇಕಾದ್ರೆ," ಎಂದು ಅವನು ಉಳಿದ ಒಂದು ದೀಪದ ಮುಂದೆ ಕೂತು ಬಾಯಿ ತೆರೆದ. ಇಂಜಿನಿಯರರು ಬಗ್ಗಿ ನಿಜಕ್ಕೂ ನೋಡಿದರು. ಬಸ್ಸಿನಿಂದ ಇಳಿದವರೂ ಸಾಲಾಗಿ ನೋಡಿದರು. ಕೆಂಪಿರಲಿಲ್ಲ.

ಬಸ್ಸಿನ ಬೆಳಕಿನಲ್ಲಿ ನಮ್ಮ ಡ್ರೈವರ್ ಬಲಗಡೆಯ ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಹೊರತೆಗೆದ. ಅರ್ಧ ಗಾಜು ಉಳಿದಿತ್ತು, ಅದರ ಮೇಲೆ ಮೊಸರಿನ ಕಲೆ, ಕಲೆಯ ನಡುವೆ ಅಡ್ಡಕ್ಕೆ ಒಂದು ಗೆರೆ. ಪರೀಕ್ಷಾನಳಿಕೆ ಒಡೆದು ಕುಯ್ದ ಗಾಯದ ಗೆರೆ ಅದು. ನನ್ನ ಹೆಬ್ಬೆರಳಿನಲ್ಲಿ ಇವತ್ತಿಗೂ ಇದೆ.

"ಇದು ಯಾರ ಹೆಬ್ಬೆಟ್ಟು?" ಎಂದರು ಇಂಜಿನಿಯರರು.

ಡ್ರೈವರ್ ಬಲ್ಬನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು. ಬಲ್ಬನ್ನು ಬಟ್ಟೆಯಲ್ಲಿ ಮುಚ್ಚತೊಡಗಿದ.

"ನಂದು ಸಾರ್," ಎಂದೆ.

"ನೀವ್ಯಾಕೆ ಮುಟ್ಟಿದ್ರಿ ಮೇಷ್ಟ್ರೇ?"

"ಎಲ್ಲಿ ಮುಟ್ಟಬಾರದು ಅಂತ ಇವನಿಗೆ ತೋರಿಸ್ತಾ ಇದ್ದೆ."

ಬಸ್ಸಿನ ಡ್ರೈವರಿಗೆ ನಗು ತಡೆಯಲಾಗದೆ ಅವನ ಮೊಣಕೈ ತಾಗಿ ಹಾರ್ನ್ ಒಮ್ಮೆ ಕೂಗಿತು. ಇಂಜಿನಿಯರರು ನಗಲಿಲ್ಲ. ಚರಂಡಿಗೆ ಇಳಿದ ಚಕ್ರದ ಗುರುತನ್ನೂ ಬಸ್ಸಿಗೂ ಕಾರಿಗೂ ನಡುವೆ ಉಳಿದ ಜಾಗವನ್ನೂ ನೋಡಿದರು.

"ಗಾಡಿ ನಾಳೆಯಿಂದ ತಿಂಗಳ ಲೆಕ್ಕಕ್ಕೆ ಬರ್ಲಿ," ಎಂದರು ಅವನಿಗೆ. ಆಮೇಲೆ ನನ್ನ ಕಡೆ ತಿರುಗಿ, "ನೀವು ಇನ್ಮೇಲೆ ಬಸ್ಸಲ್ಲಿ ಬನ್ನಿ."

ಆಮೇಲೆ ಮೂರು ವರ್ಷ ನಾನು ಬಸ್ಸಿನಲ್ಲೇ ಓಡಾಡಿದೆ. ಎಷ್ಟೋ ಸಂಜೆ ಆ ಅಂಬಾಸಿಡರ್ ಎರಡೂ ದೀಪ ಉರಿಸಿಕೊಂಡು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿತ್ತು. ಹೋಗುವಾಗ ಡ್ರೈವರ್ ಕಿಟಕಿಯಿಂದ ಕೈ ಹೊರಹಾಕಿ ಹೆಬ್ಬೆರಳು ಮಾತ್ರ ಎತ್ತಿ ತೋರಿಸುತ್ತಿದ್ದ. ಸುಣ್ಣ ಮತ್ತೆ ಶುರುವಾಗಿತ್ತು, ಬಸ್ಸಿನಿಂದಲೇ ಕಾಣುತ್ತಿತ್ತು.