ಮದರಂಗಿ ಕಲಸಿದ ಅಂಟು

ಆ ಮಧ್ಯಾಹ್ನ ರೋಣದ ನನ್ನ ಅಂಗಡಿಯಲ್ಲಿ ಇದ್ದವರು ಮೂವರು. ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ ಮೇಜು ಹಾಕಿಕೊಂಡು ಕೂತಿದ್ದ ನಾನು. ಮೂಲೆಯ ಚಾಪೆಯ ಮೇಲೆ ಬಳ್ಳೊಳ್ಳಿ ಸುಲಿಯುತ್ತಿದ್ದ ನನ್ನ ಅತ್ತೆ. ಮತ್ತೆ, ಒಳಗೆ ಬರಲೋ ಬೇಡವೋ ಎಂದು ಒಂದು ಕಾಲು ಹೊಸ್ತಿಲ ಮೇಲಿಟ್ಟು ನಿಂತಿದ್ದ ಒಬ್ಬ ಹೆಂಗಸು. ಗಜೇಂದ್ರಗಡದ ನೇಕಾರರ ಓಣಿಯವಳು, ಆಗತಾನೆ ಬಸ್ಸಿಳಿದು ಬಂದಿದ್ದಳು. ಕಂಕುಳಲ್ಲಿ ಟವೆಲ್ಲಿನ ಒಂದು ಗಂಟು.

"ಹಸರ ಅಂಟಿನಾಕಿ ನೀನ ಏನು?" ಎಂದಳು.

ನನಗೆ ಅಂಥದೊಂದು ಹೆಸರು ಬಿದ್ದಿದೆಯೆಂದು ನನಗೇ ಗೊತ್ತಿರಲಿಲ್ಲ. ಅತ್ತೆ ತಲೆಯೆತ್ತದೆ, "ಅಂಟಿನಾಕಿನೂ ಆಕೀನ, ಮೊಂಡಾಕಿನೂ ಆಕೀನ. ಒಳಗ ಬಾರವಾ, ಬಿಸಲಾಗ ಯಾಕ ನಿಂತಿ" ಎಂದರು. ನನ್ನ ಅತ್ತೆ ಮುಶಿಗೇರಿಯ ಒಕ್ಕಲುತನದ ಮನೆಯವರು. ನನ್ನ ತವರು ಗಾದಿ ಹೊಲಿಯುವ ಪಿಂಜಾರರದು. ಎರಡೂ ಕಡೆ ಮುದುಕಿಯರದೇ ದರಬಾರು. ನಾನು ಮಾತು ಕಲಿತದ್ದು ಅವರ ಬಾಯಿಂದ. ಅದಕ್ಕೇ ಬರೆಯುವಾಗಲೂ ನನ್ನ ಮಾತು ನಾಲ್ಕು ಮನೆ ಹೊಕ್ಕು ಹೊರಬರುತ್ತದೆ. ಓದುವವರು ಸ್ವಲ್ಪ ತಾಳಿಕೊಳ್ಳಬೇಕು.

ಹೆಂಗಸು ಒಳಗೆ ಬಂದು, ಗಂಟು ಬಿಚ್ಚುವ ಮೊದಲು ಸೊಂಟದಿಂದ ಒಂದು ಸೀರೆಯ ತುಂಡು ತೆಗೆದು ನನ್ನ ಮೇಜಿನ ಮೇಲೆ ಹಾಸಿದಳು. ಸೆರಗಿನ ಭಾಗ. ಒಂದು ಹೂವು ಪೂರ್ತಿ ಬಂದಿತ್ತು. ಅದರ ಪಕ್ಕದ ಹೂವಿಗೆ ಕೆಳಗಿನ ಎಸಳು ಇದ್ದವು, ತಲೆ ಇರಲಿಲ್ಲ. ಮುಂದಿನದಕ್ಕೆ ಬರೀ ದೇಟು.

"ಇದನ್ನ ಉಟಗೊಂಡು ಯಾರರೆ ಮದಿವಿಗೆ ಹೋಗತಾರೇನು? ಇಲಿ ಕಡದಾವ ಅಂತಾರ ಮಂದಿ."

ಆಮೇಲೆ ಟವೆಲ್ ಬಿಚ್ಚಿದಳು. ಅಂಗೈಯಗಲದ ಬೋರ್ಡು. ಈಗಿನ ಮಗ್ಗಗಳಲ್ಲಿ ಹೂವು ಎಲ್ಲಿ ಏಳಬೇಕು, ಎಲ್ಲಿ ನಿಲ್ಲಬೇಕು ಎಂದು ದಾರಗಳಿಗೆ ಹೇಳುವುದು ಇಂಥ ಬೋರ್ಡೇ. ತಂತಿಗಳ ಕಟ್ಟು ಬಂದು ಅದರ ಅಂಚಿನ ಕನೆಕ್ಟರಿನಲ್ಲಿ ಕೂರುತ್ತದೆ. ಕನೆಕ್ಟರಿನ ಪಿನ್ನುಗಳು ಎಳ್ಳಿನ ಸಾಲಿನ ಹಾಗೆ ಸಣ್ಣವು. ಮಗ್ಗ ದಿನವಿಡೀ ಕುಣಿಯುತ್ತದೆ, ಪಿನ್ನಿನ ಬುಡದ ಬೆಸುಗೆ ಕೂದಲೆಳೆಯಷ್ಟು ಸೀಳುತ್ತದೆ, ಹೂವಿನ ತಲೆ ಹಾರಿಹೋಗುತ್ತದೆ. ಅದಕ್ಕೆ ಬೆಸುಗೆಯೊಂದೇ ಸಾಲದು. ಹಳೆಯ ಸೀಸ ತೆಗೆದು, ಒಂದೊಂದು ಪಿನ್ನನ್ನೂ ಹೊಸದಾಗಿ ಬೆಸೆದು, ಕನೆಕ್ಟರಿನ ಸುತ್ತ ಎರಡು ಟ್ಯೂಬಿನ ಅಂಟು ಕಲಸಿ ಕಟ್ಟೆ ಕಟ್ಟಬೇಕು. ಮಗ್ಗದ ಏಟನ್ನು ಅಂಟು ತಿನ್ನುತ್ತದೆ, ಬೆಸುಗೆ ಬದುಕುತ್ತದೆ.

ಆ ಬೋರ್ಡಿನ ಕನೆಕ್ಟರಿನ ಸುತ್ತಲೂ ಅಂಟಿನ ಕಟ್ಟೆ ಇತ್ತು. ಹಸಿರು. ಆದರೆ ಆ ಬೋರ್ಡನ್ನು ನಾನು ಅದೇ ಮೊದಲ ಸಲ ನೋಡುತ್ತಿದ್ದೆ.

ಹಸಿರು ನನ್ನ ಬಣ್ಣ. ಅದನ್ನು ನನಗೆ ಕೊಟ್ಟವರು ಕಾಕಾ. ರಕ್ತಸಂಬಂಧದ ಕಾಕಾ ಅಲ್ಲ. ಗಜೇಂದ್ರಗಡದಲ್ಲಿ ಅಪ್ಪನ ಗಾದಿ ಅಂಗಡಿಯ ಎದುರಿಗೆ ಅವರ ರಿಪೇರಿ ಅಂಗಡಿ ಇತ್ತು. ಅವರು ಲಿಂಗಾಯತರು, ನಾವು ಪಿಂಜಾರರು. ನಡುವಿನ ರಸ್ತೆ ದಾಟಿದರೆ ಆ ಮನೆಯ ರೊಟ್ಟಿ, ಈ ಮನೆಯ ರಂಜಾನಿನ ಸುರಕುಂಬಾ ಪಾಯಸ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂರುತ್ತಿದ್ದೆ. ಹುಡುಗಿಗೆ ಇದೆಲ್ಲ ಯಾಕೆ ಎಂದು ಓಣಿಯವರು ಕೇಳಿದಾಗ ಕಾಕಾ, "ಆಕಿ ಸೂಜ್ಯಾಗ ದಾರ ಏರಸೂದು ನೋಡ್ರಿ, ನಿಮ್ಮ ಗಂಡ ಹುಡುಗರಿಗೆ ಬರತೈತೇನು?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಕಾದ ಬೆಸುಗೆ ರಾಡನ್ನು ನನ್ನ ಕೈಗೆ ಕೊಟ್ಟು, ತಮ್ಮ ಕೈಯನ್ನು ನನ್ನ ಕೈಯ ಮೇಲಿಟ್ಟು ಕಲಿಸಿದರು. "ಸೀಸ ಸುರೀಬ್ಯಾಡ ಮಗಳ. ಪಿನ್ನ ಬಿಸಿ ಮಾಡು, ಸೀಸ ತಾನ ಹರಕೊಂಡ ಬರತೈತಿ. ಹೊಳೀಬೇಕು. ಮಬ್ಬಾತಂದ್ರ ತಗದು ಮತ್ತ ಮಾಡು."

ಅವರ ಬಳಿ ಕಲಿತು ಸ್ವಂತ ಅಂಗಡಿ ಹಾಕಿದವರು ಇಬ್ಬರು, ರೋಣದಲ್ಲಿ ನಾನು, ನರಗುಂದದಲ್ಲಿ ಇನ್ನೊಬ್ಬ. ಯಾರ ಕೆಲಸ ಯಾರದೆಂದು ಗೊತ್ತಾಗಲಿ ಎಂದು ಕಾಕಾ ಬಣ್ಣ ಹಂಚಿದರು. ಅವರ ಅಂಟಿಗೆ ಬಣ್ಣವಿಲ್ಲ. ನರಗುಂದದವನು ಬಟ್ಟೆಗೆ ಹಾಕುವ ನೀಲಿಪುಡಿ ಕಲಸುತ್ತಿದ್ದ. ನನ್ನ ಮದುವೆ ಆಗತಾನೆ ಆಗಿತ್ತು, ಕೈತುಂಬ ಮದರಂಗಿ ಇತ್ತು. ಕಾಕಾ ಅದನ್ನು ನೋಡಿ, "ನಿಂದು ಇದ ಇರಲಿ" ಎಂದರು. ಅಂದಿನಿಂದ ನಾನು ಅಂಟಿಗೆ ಚಿಟಿಕೆ ಹಸಿರು ಮದರಂಗಿ ಪುಡಿ ಹಾಕುತ್ತೇನೆ. ಒಬ್ಬರ ಅಂಟನ್ನು ಇನ್ನೊಬ್ಬರು ಕೀಳಬಾರದು ಎಂಬುದು ನಮ್ಮೊಳಗಿನ ಕಟ್ಟಳೆ. ಬಣ್ಣವಿಲ್ಲದ ಅಂಟಿನ ಬೋರ್ಡು ನನ್ನಲ್ಲಿಗೆ ಬಂದರೆ, ಮುಟ್ಟದೆಯೇ, "ಕಾಕಾ ಕಡೆ ಒಯ್ರಿ" ಎಂದು ಕಳಿಸುತ್ತಿದ್ದೆ.

ಅವರಿಗೆ ವಯಸ್ಸಾಗಿತ್ತು. "ನಾ ಬಿಟ್ಟ ಮ್ಯಾಲ ಈ ನೇಕಾರ ಓಣಿ ನಿಂದ" ಎಂದು ಒಮ್ಮೆ ಅಲ್ಲ, ಬಹಳ ಸಲ ಹೇಳಿದ್ದರು. ಮೊಬೈಲಿನ ಚಾರ್ಜಿಂಗ್ ಪಿನ್ನು ಹಾಕಿಕೊಂಡೇ ಎಷ್ಟು ದಿನ ನಡೆದೀತು? ಆ ಓಣಿಯ ಮಗ್ಗಗಳ ಕೆಲಸ ಬಂದರೆ ನನ್ನ ಅಂಗಡಿ ನಿಂತಂತೆ. ಅದರ ಮೇಲೆ ನಾನು ಬಹಳ ಆಸೆ ಇಟ್ಟುಕೊಂಡಿದ್ದೆ.

"ಇದು ನಾ ಮಾಡಿದ್ದು ಅಂತ ಯಾರ ಅಂದ್ರು?" ಎಂದು ಹೆಂಗಸನ್ನು ಕೇಳಿದೆ.

"ಯಾರ ಅಂದ್ರ? ಕಾಕಾ. 'ಇದು ನಾ ಮಾಡಿದ್ದಲ್ಲ, ರೋಣಕ್ಕ ಕಳಿಸಿದ್ದೆ, ಆಕಿ ಮಾಡಿದ್ದು, ಹಸರ ನೋಡ್ರಿ' ಅಂತ ತೋರಸಿದ. ನಮ್ಮ ಓಣ್ಯಾಗ ಇದ ಮೊದಲನೇದಲ್ಲವಾ. ಹಸರ ಬಂತಂದ್ರ ತಿಂಗಳ ತಾಳೂದಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ. ನಾ ಸಿಟ್ಟಿಗೆದ್ದು, ಆಕಿ ಮಾರಿ ಒಮ್ಮಿ ನೋಡಿ ಬರತೇನಿ ಅಂತ ಬಂದೆ."

ಅತ್ತೆಯ ಕೈಯಲ್ಲಿ ಬಳ್ಳೊಳ್ಳಿ ನಿಂತಿತು.

ನನ್ನ ಬಣ್ಣದ ಅಂಟು, ಹೀಗಾಗಿ ಕೀಳಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬಿಸಿಗಾಳಿ ಹಿಡಿದು ಮೆತ್ತಗೆ ಮಾಡಿ, ಬ್ಲೇಡಿನ ತುದಿಯಿಂದ ಎಬ್ಬಿಸಿದೆ. ಕೆಳಗೆ ಹೊಸ ಬೆಸುಗೆ ಇರಲಿಲ್ಲ. ಹಳೆಯ ಸೀಸವೇ, ಸೀಳಿದ್ದು ಸೀಳಿದಂತೆ. ಒಂದು ಕಡೆ ರಾಡು ಜಾರಿ ಬೋರ್ಡು ಸುಟ್ಟ ಕಲೆ. ಅದರ ಮೇಲೆ ಅಂಟು ಸುರಿದು ಅಮುಕಿ ಹಿಡಿದಿದ್ದರು. ಹೀಗೆ ಅಮುಕಿದರೆ ನಾಲ್ಕು ದಿನ ಪಿನ್ನು ತಾಗಿಕೊಂಡಿರುತ್ತದೆ, ಹೂವೂ ಬರುತ್ತದೆ. ಆಮೇಲೆ ಮಗ್ಗದ ಕುಣಿತಕ್ಕೆ ಬಿಡುತ್ತದೆ.

ಬೋರ್ಡನ್ನು ಸರಿಮಾಡಿದೆ. ಪಿನ್ನು ಪಿನ್ನಿಗೂ ಭೂತಗನ್ನಡಿ ಹಿಡಿದು ನೋಡಿದೆ. ಅಂಟು ಆರುವವರೆಗೆ ಅತ್ತೆ ಆಕೆಗೆ ಉಣ್ಣಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಮಾರಿ ನೋಡಿದ್ರ ಕೆಟ್ಟಾಕಿ ಕಾಣೂದಿಲ್ಲ ನೀ. ಮತ್ತ ಕೆಲಸ ಯಾಕ ಹಂಗ ಮಾಡ್ತಿ?" ಎಂದಳು. ಬೇಕೆಂದು ಚುಚ್ಚಿದ್ದಲ್ಲ, ಖರೇನೇ ಕೇಳಿದ್ದು. ಅದಕ್ಕೇ ಹೆಚ್ಚು ನೋಯಿತು.

ಮರುದಿನ ಬೆಳಿಗ್ಗೆ ಗಜೇಂದ್ರಗಡದ ಬಸ್ಸು ಹತ್ತಿದೆ. ಸೂಡಿ ದಾಟುವವರೆಗೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರೋ ಮಾಡಿರಬೇಕು, ಪೇಟೆಯಲ್ಲಿ ಹೊಸ ಹುಡುಗರು ಅಂಗಡಿ ಹಾಕಿದ್ದಾರೆ, ಯಾರೋ ನನ್ನ ಬಣ್ಣ ಕದ್ದಿದ್ದಾರೆ, ಕಾಕಾ ಪಾಪ ನಂಬಿದ್ದಾರೆ.

ಕಾಕಾ ನನ್ನನ್ನು ನೋಡಿ ಮುಖ ಅರಳಿಸಿದರು. "ಬಾರವಾ ಮಗಳ. ಏ, ಯಾರ ಬಂದಾರ ನೋಡ, ಚಹಾ ಇಡು" ಎಂದು ಒಳಗೆ ಕೂಗಿದರು. ಅವರ ಮೇಜಿನ ಮೇಲೆ ಅಂಟು ಕಲಸುವ ಎರಡು ಬಾಟಲಿ ಮುಚ್ಚಳಗಳಿದ್ದವು. ಒಂದರಲ್ಲಿ ಬಣ್ಣವಿಲ್ಲದ ಅಂಟು. ಇನ್ನೊಂದರಲ್ಲಿ ಹಸಿರು, ಕಲಸಿದ ಬೆಂಕಿಕಡ್ಡಿ ಅದರಲ್ಲೇ ನಿಂತಿತ್ತು. ಕಾಕಾ ಒಂದು ಹಾಳೆಯನ್ನು ಅದರ ಮೇಲೆ ಸರಿಸಿದರು. ಸರಿಸುವಾಗ ಅವರ ಬೆರಳು ನಡುಗಿ ಮುಚ್ಚಳ ಉರುಳಿತು.

ಅಷ್ಟರಲ್ಲಿ ಅವರ ಹೆಂಡತಿ, ಕಾಕು, ಚಹಾ ತಂದರು. ನನ್ನ ಗಲ್ಲ ಮುಟ್ಟಿ, "ಸೊರಗೀಯಲ್ಲ" ಎಂದರು. ಆಮೇಲೆ, "ಮದರಂಗಿ ಮುಟ್ಟಿತಿಲ್ಲೋ? ಸಂತಿಗೆ ಹೋದಾಗೊಮ್ಮೆ ತರಸತಾರ. ಮೊದಲ ಸಲ ಕೇಳಿದಾಗ, ಈ ವಯಸ್ಸಿನ್ಯಾಗ ಕೂದಲಕ್ಕ ಹಚ್ಕೋತೀರೇನ್ರಿ ಅಂತ ನಕ್ಕಿದ್ದೆ. ನನಗಲ್ಲ, ರೋಣದ ಮಗಳಿಗೆ ಕಳಸಾಕ ಅಂದ್ರು. ನನಗೂ ಚಲೋ ಅನಸ್ತು. ನಾ ಆರಿಸಿ ಆರಿಸಿ ಹೊಸಾ ಪುಡಿನ ತರತೇನಿ."

"ಮುಟ್ಟೇತಿ ಕಾಕು" ಎಂದೆ.

ಕಾಕು ಒಳಗೆ ಹೋದರು. ನಾವಿಬ್ಬರೂ ಚಹಾ ಮುಟ್ಟಲಿಲ್ಲ.

"ಯಾವಾಗಿಂದ ಕಾಕಾ?"

ಅವರು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ಇಟ್ಟಲ್ಲೇ ಅವು ನಡುಗುತ್ತಿದ್ದವು. "ಇವು ಹಿಂಗಾದಾಗಿಂದ."

"ನನಗೊಂದು ಮಾತು ಹೇಳಿದ್ರ ಆಗತಿತ್ತಲ್ಲ. ಬಸ್ಸಿನ್ಯಾಗ ಬೋರ್ಡ ಕಳಿಸಿದ್ರ ನಾನ ಮಾಡಿ ಕಳಸ್ತಿದ್ದೆ. ಬಣ್ಣಾನೂ ಹಾಕ್ತಿರಲಿಲ್ಲ. ನಿಮ್ಮ ಕೆಲಸ ಅಂತನ ಹೋಗತಿತ್ತು."

"ನಿನಗ ಹೇಳಿದ್ರ ನಿನಗ ಗೊತ್ತಾಗತಿತ್ತಲ್ಲವಾ" ಎಂದರು. "ಓಣಿಗೆ ಗೊತ್ತಾದ್ರ ಬ್ಯಾರೆ ಮಾತು. ನಿನ್ನ ಕೈ ಹಿಡದು ಕಲಿಸಿದ ಕೈ ಇದು."

"ಎಲ್ಲಾ ಬೋರ್ಡಿಗೂ ಹಸರ ಹಚ್ಚೀರೇನು?"

"ಎಲ್ಲಾಕ್ಕೂ ಯಾಕ ಹಚ್ಚಲಿ? ಚಲೋ ಆಗಿದ್ದಕ್ಕ ಹಚ್ಚಿಲ್ಲ."

ಕೈ ಸ್ಥಿರವಾಗಿದ್ದ ದಿನದ ಬೆಸುಗೆ ಅವರದು. ನಡುಗಿದ ದಿನದ್ದು ನನ್ನದು. ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು. ನನ್ನನ್ನು ಸಂತೈಸುವ ದನಿಯಲ್ಲಿ, ಚಿಕ್ಕವಳಿದ್ದಾಗ ಬೆರಳು ಸುಟ್ಟುಕೊಂಡರೆ ಮಾತಾಡುತ್ತಿದ್ದ ದನಿಯಲ್ಲೇ ಹೇಳಿದರು. "ನೀ ಹೆಣ್ಣಮಗಳು. ಇನ್ನೂ ಕಲಿಯಾಕತ್ತಾಳ ಬಿಡ್ರಿ ಅಂದ್ರ ಮಂದಿ ಬಿಡತಾರ. ನನ್ನ ಬಿಡೂದಿಲ್ಲ. ನಿನಗ ಇನ್ನೂ ಭಾಳ ದಿನ ಅದಾವ, ತಿದ್ಕೋತಿ."

ಓಣಿಯವರ ಬಾಯಿ ಮುಚ್ಚಿಸಿ ನನ್ನನ್ನು ಮೇಜಿನ ಮುಂದೆ ಕೂರಿಸಿದ ಮನುಷ್ಯ ಇವರೇ. ಆ ಓಣಿಯವರು ಅಂದು ಆಡಿದ್ದ ಮಾತನ್ನೇ ಈಗ ಎತ್ತಿ ತಮಗೆ ಅಡ್ಡ ಹಿಡಿದುಕೊಂಡಿದ್ದರು. ಅವರ ಕೈ ನೋಡಿದರೆ ಕನಿಕರ ಬರುತ್ತಿತ್ತು, ಉರುಳಿದ ಮುಚ್ಚಳ ನೋಡಿದರೆ ಸಿಟ್ಟು ಬರುತ್ತಿತ್ತು. ಎರಡೂ ಒಂದೇ ಸಲಕ್ಕೆ ಬಂದರೆ ಮನುಷ್ಯ ಏನು ಮಾಡಬೇಕೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಓಣಿಗೆ ಹೋಗಿ ನೀವ ಹೇಳ್ರಿ ಕಾಕಾ. ಅಷ್ಟ ಸಾಕು ನನಗ."

"ಹೇಳತೇನಿ. ಸೋಮವಾರ ಎಲ್ಲಾರೂ ಮಗ್ಗ ನಿಲ್ಲಿಸಿ ಕೂಡತಾರ. ಅವತ್ತ ನಾನ ಹೋಗಿ ಹೇಳತೇನಿ. ಆಣಿ."

ನಾನು ನಂಬಿದೆ. ಅವರನ್ನು ನಂಬದೆ ಇರುವುದು ನನಗೆ ರೂಢಿ ಇರಲಿಲ್ಲ.

ಮನೆಗೆ ಬಂದಾಗ ಅತ್ತೆ, "ಚಲೋತನ್ಯಾಗಿ ಬೈದು ಬಂದಿಲ್ಲೋ?" ಎಂದು ಕೇಳಿದರು.

"ಬಾಯಿ ಬರಲಿಲ್ಲ ಅತ್ತಿ."

"ನಿನಗ ಬಾಯಿ ಬರಲಿಲ್ಲ ಅಂದ್ರ ಊರಾಗ ಯಾರ ನಂಬತಾರ?" ಎಂದರು. ನನ್ನ ಮುಖ ನೋಡಿ ಎದ್ದು ಬಂದು ಪಕ್ಕದಲ್ಲಿ ಕೂತರು.

ಸೋಮವಾರ ಹೋಯಿತು. ಅದರ ಮುಂದಿನದೂ ಹೋಯಿತು. ಆ ಓಣಿಯಿಂದ ಒಂದು ಬೋರ್ಡೂ ಬರಲಿಲ್ಲ. ಫೋನು ಮಾಡಿದರೆ ಕಾಕು ಎತ್ತಿ, "ಈಗ ಮಕ್ಕೊಂಡಾರವಾ" ಎನ್ನುತ್ತಿದ್ದರು. ನಾನೇ ಓಣಿಗೆ ಹೋಗಿ ಹೇಳಬಹುದಿತ್ತು. ಒಮ್ಮೆ ಬಸ್‌ಸ್ಟ್ಯಾಂಡಿನವರೆಗೂ ಹೋದೆ. ನನ್ನ ಮಾತನ್ನು ಓಣಿಯವರು ನಂಬುತ್ತಾರೋ ಇಲ್ಲವೋ ಬೇರೆ ಮಾತು. ನಂಬಿಬಿಟ್ಟರೆ ಆ ಮುದುಕ ಮರುದಿನ ಆ ರಸ್ತೆಯಲ್ಲಿ ಹೇಗೆ ನಡೆಯುತ್ತಾರೆ ಎಂಬ ಯೋಚನೆ ಬಂತು. ಬೆಳವಣಕಿಯ ಬಸ್ಸು ಹೊರಟಿತ್ತು. ಅದನ್ನು ಹತ್ತಿ ಹೋಗಿ, ಅಲ್ಲಿ ನೋಡಬೇಕಿದ್ದ ಒಬ್ಬರ ಮೋಟಾರಿನ ಸ್ಟಾರ್ಟರ್ ಬೋರ್ಡು ನೋಡಿ ಬಂದೆ.

ದೀಪಾವಳಿ ಕಳೆದ ಮೇಲೆ ನರಗುಂದದವನ ಫೋನು ಬಂತು. "ಅಕ್ಕಾ, ಗಜೇಂದ್ರಗಡದ ಮಗ್ಗದ ಬೋರ್ಡೆಲ್ಲಾ ನನ್ನ ಕಡೆ ಬರಾಕತ್ತಾವ. ನಿನಗ ಗೊತ್ತೈತಿಲ್ಲ?" ಎಂದ. ಅವನಿಗೂ ಅದು ಸರಿ ಬಂದಿರಲಿಲ್ಲ. ಕೇಳಿ ಕೇಳಿ ಹೇಳಿಸಿದೆ. ಕಾಕಾ ಅಂಗಡಿ ಮುಚ್ಚಿದ್ದರು. ಮುಚ್ಚುವ ದಿನ ನೇಕಾರರನ್ನೆಲ್ಲ ಕರೆದು, ಚಹಾ ಕುಡಿಸಿ, ಇನ್ನು ಮೇಲೆ ಬೋರ್ಡುಗಳನ್ನು ನರಗುಂದಕ್ಕೆ ಒಯ್ಯಿರಿ ಎಂದು ಹೇಳಿದ್ದರು. ಯಾರೋ, ರೋಣ ಹತ್ತಿರ ಅಲ್ಲೇನ್ರಿ ಎಂದು ಕೇಳಿದ್ದಕ್ಕೆ, "ಆಕಿ ಕೆಲಸ ನೀವ ನೋಡೀರಲ್ಲ" ಎಂದಿದ್ದರಂತೆ.