ಎರಡನೇ ಗುಂಡಿ ಇಲ್ಲದ ಅಂಗಿ

ಪುಟ್ಟರಾಜಣ್ಣ ಬದುಕಿದ್ದಷ್ಟು ದಿನ ಅವರ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತರೆ ಬೆರಳುಗಳ ನಡುವೆ ನಾಣ್ಯ ಓಡಾಡುತ್ತಿತ್ತು. ನಮ್ಮ ಮನೆಗೆ ಕಾಫಿಗೆ ಬಂದರೆ ಚಮಚ ಮಾಯ. "ಅಣ್ಣಾ, ಮೊದಲು ಚಮಚ ಕೊಡಿ, ಆಮೇಲೆ ಕಾಫಿ" ಎಂದು ನಾನು ಗದರಬೇಕಿತ್ತು. ಕಾಮಾಕ್ಷಿಪಾಳ್ಯದ ಒಂದೇ ವಠಾರದಲ್ಲಿ ಎದುರುಬದುರು ಮನೆ ನಮ್ಮದು. ಅವರು ಮದುವೆ, ನಾಮಕರಣಗಳಲ್ಲಿ ಜಾದೂ ಮಾಡುವವರು. ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು.

ಅವರ ಹೆಸರು ನಿಂತಿದ್ದು ಒಂದೇ ಐಟಂ ಮೇಲೆ. ಒಂದು ತುಂಡು ಬಟ್ಟೆಯನ್ನು ಖಾಲಿ ಚೀಲಕ್ಕೆ ಹಾಕಿ, ಗಾರ್ಮೆಂಟ್ಸಿನ ಸೂಪರ್‌ವೈಸರ್ ಥರ ಚೀಲಕ್ಕೆ ಬೈಯುತ್ತಿದ್ದರು: "ಏನ್ರೀ, ನಿದ್ದೇನಾ? ಪೀಸ್ ಎಲ್ರೀ? ಬೇಗ ಬೇಗ!" ಚೀಲದಿಂದ ಮಗುವಿನ ಅಂಗಿಯೊಂದು ಹೊರಗೆ ಬರುತ್ತಿತ್ತು. ಬೈಗುಳವೆಲ್ಲ ನಾನು ಕೆಲಸದಿಂದ ಹೊತ್ತು ತಂದದ್ದು. ಅಂಗಿ ಹೊಲಿದುಕೊಡುತ್ತಿದ್ದವಳೂ ನಾನೇ. ಅದು ಚೀಲದೊಳಗೆ ಹೇಗೆ ಹೋಗುತ್ತಿತ್ತು ಎಂಬುದನ್ನು ಮಾತ್ರ ಆ ಪುಣ್ಯಾತ್ಮ ನನಗೂ ಹೇಳಲಿಲ್ಲ.

ಮೊದಲ ಸಲ ಮಾಡಿದಾಗ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿತ್ತು. ಜನ ನಕ್ಕರು. ಇವರು ತಮ್ಮ ಕೋಟಿನದೇ ಗುಂಡಿಯೊಂದನ್ನು ಕಿತ್ತು, ಮುಂದಿನ ಸಾಲಿನ ಹೆಂಗಸಿನ ಕಿವಿಯ ಹಿಂದಿನಿಂದ ತೆಗೆದಂತೆ ಮಾಡಿ, "ಎಲ್ಲಾ ಮಂತ್ರದಲ್ಲೇ ಆಗುತ್ತೆ ತಾಯಿ, ಗುಂಡಿ ಮಾತ್ರ ನೀವೇ ಹಾಕ್ಬೇಕು" ಎಂದರು. ಚಪ್ಪಾಳೆಯೋ ಚಪ್ಪಾಳೆ. ಅಂದಿನಿಂದ ನನಗೆ ಕಟ್ಟಪ್ಪಣೆ: "ಸರೋಜಾ, ಎರಡನೇ ಗುಂಡಿ ಹಾಕ್ಬೇಡ."

ಆಟದ ನಡುವೆ ಯಾರಾದರೂ ಫೋನ್ ಎತ್ತಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. "ಫೋನ್ ಒಳಗಿಡಿ ಸ್ವಾಮಿ. ಕಣ್ಣು ಕೊಟ್ಟಿಲ್ವಾ ದೇವರು?"

ಒಂದು ಭಾನುವಾರ ನನ್ನ ಫೋನಿನಲ್ಲಿ ಒಂದು ವಿಡಿಯೊ ಬಂತು. ವಿಜಯನಗರದ ಯಾವುದೋ ಛತ್ರದಲ್ಲಿ ಬ್ಲೇಜರ್ ಹಾಕಿದ ಯುವಕನೊಬ್ಬ ಚೀಲಕ್ಕೆ ಬೈಯುತ್ತಿದ್ದ, ಅದೇ ಬೈಗುಳ. ಅಂಗಿ ಬಂತು. ಎರಡನೇ ಗುಂಡಿ ಇರಲಿಲ್ಲ. ಒಲೆಯ ಮೇಲಿನ ಹಾಲನ್ನೂ ಮರೆತು ಎದುರುಮನೆಗೆ ಓಡಿದೆ.

"ಗುಂಡೀನೂ ಬಿಡ್ಲಿಲ್ವಲ್ಲೇ ಸರೋಜಾ!" ಎಂದರು ಪುಟ್ಟರಾಜಣ್ಣ.

ಮುಂದಿನ ವಾರ ಮೂಡಲಪಾಳ್ಯದ ನಾಮಕರಣದಲ್ಲಿ ಒಬ್ಬ ಹುಡುಗಿ ಅವರೆದುರೇ ಹೇಳಿದಳಂತೆ: "ಆ ವಿಡಿಯೊದವರ ಐಟಂ ಅಲ್ವಾ ಅಂಕಲ್? ಕಾಪಿ ಆದ್ರೂ ಸೂಪರ್." ಆಮೇಲೆ ಅವರು ಕೂತಲ್ಲಿ ಕೂರಲಿಲ್ಲ. ವಠಾರದ ಬಾಗಿಲಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಹೋಗುವುದು, ಬರುವುದು. ನನಗೂ ತಲೆ ಕೆಟ್ಟು, ರಾಜಾಜಿನಗರದ ಲಾಯರೊಬ್ಬರ ಹತ್ತಿರ ಕರೆದುಕೊಂಡು ಹೋದೆ.

"ಟ್ರಿಕ್ಕಿಗೆ ಕಾಪಿರೈಟ್ ಸಿಗಲ್ಲ ಯಜಮಾನ್ರೇ, ಅದು ಬರೀ ಐಡಿಯಾ. ನೀವಾಡೋ ಮಾತು, ಮಾಡೋ ರೀತಿ, ಅದಕ್ಕೆ ಸಿಗಬಹುದು. ಆ ಗುಂಡಿ ಒಳ್ಳೇ ಸಾಕ್ಷಿ. ವಿಡಿಯೊ ಇದೆಯಾ?"

ಪುಟ್ಟರಾಜಣ್ಣ ನನ್ನ ಮುಖ ನೋಡಿದರು. ಅವರ ಆಟದ ವಿಡಿಯೊ ಅಂತ ಲೋಕದಲ್ಲಿ ಇದ್ದದ್ದು ಒಂದೇ, ಕದ್ದವನದ್ದು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

"ಇಲ್ದಿದ್ರೆ ಈಗಲಾದ್ರೂ ಪೂರ್ತಿ ತೆಗೆದಿಡಿ" ಎಂದರು ಲಾಯರು. ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲೇ ನಾನು ಫೋನ್ ಹಿಡಿದು ನಿಂತೆ. ಅವರು ಕೋಟು ಹಾಕಿಕೊಂಡು ಬಂದವರು ಶುರುಮಾಡಿ ನಿಲ್ಲಿಸಿದರು. "ಇದಕ್ಕೆ ಹೇಗಮ್ಮಾ ಮಾಡ್ಲಿ? ಇದು ನಗಲ್ಲ, ಕೆಮ್ಮಲ್ಲ."

"ನನ್ನ ನೋಡ್ಕೊಂಡು ಮಾಡಿ ಅಣ್ಣ."

ಮಾಡಿದರು. ಏನು ಮಾಡಿದರು ಅಂತೀರಿ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವಿಡಿಯೊ ನೋಡುವುದಕ್ಕೂ ಅವರು ನಿಲ್ಲಲಿಲ್ಲ.

ಲಾಯರಿಗೆ ಅದನ್ನು ತೋರಿಸುವ ಮೊದಲೇ, ಎದೆನೋವೆಂದು ಮಲಗಿದವರು ಏಳಲಿಲ್ಲ.

ತಿಥಿ ಮುಗಿದ ಮೇಲೆ ನಾನೊಬ್ಬಳೇ ಹೋಗಿ ತೋರಿಸಿದೆ. ಚೀಲ, ಬೈಗುಳ, ಅಂಗಿ ಎಲ್ಲ ಸರಿಯಾಗಿ ಬಂದಿತ್ತು. ಆಮೇಲೆ ಅವರು ನನ್ನನ್ನೇ ನೋಡುತ್ತಾ ಮುಂದೆ ಬರುತ್ತಾರೆ. ಕೈ ದೊಡ್ಡದಾಗುತ್ತಾ ಬಂದು ಫೋನನ್ನು ದಾಟಿ ಆಚೆ ಹೋಗುತ್ತದೆ. ಮುಂದೆ ಕಾಣುವುದು ಕೋಟಿನ ತೋಳು, ಕೇಳುವುದು ನನ್ನ ನಗು.

"ಗುಂಡಿ ತೆಗೆಯೋದೇ ಬಂದಿಲ್ವಲ್ಲಮ್ಮ" ಎಂದರು ಲಾಯರು. "ಎಲ್ಲಿಂದ ತೆಗೆದ್ರು?"

ನನ್ನ ಕೈ ತಾನಾಗಿ ಕಿವಿಯ ಹಿಂದೆ ಹೋಯಿತು.